ಅರವತ್ತನಾಲ್ಕು ಮನೆಗಳ ಮೊಹಲ್ಲಾ

ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಹೊಲಿಗೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಹಲವು ವರ್ಷಗಳ ಕಾಲ ಭಾನುವಾರ ಮಧ್ಯಾಹ್ನ ಚದುರಂಗದ ಕೂಟವೊಂದು ಸೇರುತ್ತಿತ್ತು. ಅದಕ್ಕೆ ಫಲಕವಿರಲಿಲ್ಲ, ನೋಂದಣಿಯಿರಲಿಲ್ಲ, ಅಧ್ಯಕ್ಷರಂತೂ ಇರಲೇ ಇಲ್ಲ. ಮಡಚಿಡುವ ನಾಲ್ಕು ಹಾಸುಗಳು, ಪ್ಲಾಸ್ಟಿಕ್ ಕಾಯಿಗಳ ಡಬ್ಬಿಗಳು, ಕೀಲಿ ಕೊಡಬೇಕಾದ ಎರಡು ಹಳೆಯ ಚೆಸ್ ಗಡಿಯಾರಗಳು, ಚಹಾದ ಲೆಕ್ಕ ಬರೆಯುವ ಒಂದು ನೋಟ್‌ಬುಕ್ಕು. ಇಷ್ಟೇ ಅದರ ಆಸ್ತಿ. ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಯಶವಂತಪುರದ ಮಂಡಿಯಲ್ಲಿ ಈರುಳ್ಳಿಯ ಲೆಕ್ಕ ಬರೆಯುವವರೊಬ್ಬರು, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರು ಹುಡುಗರು, ಪಕ್ಕದ ಗಲ್ಲಿಯ ವೆಲ್ಡಿಂಗ್ ಕೆಲಸಗಾರ, ಒಬ್ಬ ಸಾಫ್ಟ್‌ವೇರ್ ಇಂಜಿನಿಯರು, ಇವರ ನಡುವೆ ನಾವು. ಕಟ್ಟಡ ಕೈಬದಲಾದಾಗ ಕೋಣೆ ಹೋಯಿತು. ಹೊಸ ಕೋಣೆಯ ಬಾಡಿಗೆ ಕೇಳಿ ಎಲ್ಲರೂ ಸುಮ್ಮನಾದರು. ಹಾಸುಗಳು ಈಗ ಯಾರದೋ ಮನೆಯ ಅಟ್ಟದ ಮೇಲಿವೆ.

ಈ ಸಂಗತಿಯನ್ನು ಗೆಳೆಯರೊಬ್ಬರಲ್ಲಿ ಹೇಳಿಕೊಂಡಾಗ ಅವರು ನಕ್ಕುಬಿಟ್ಟರು. 'ಚದುರಂಗಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ನಾವುದು? 2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತಕ್ಕೆ ಎರಡೂ ವಿಭಾಗಗಳ ಚಿನ್ನ ಬಂತು. 2025ರ ಜುಲೈಯಲ್ಲಿ ದಿವ್ಯಾ ದೇಶಮುಖ್ ಮಹಿಳೆಯರ ವಿಶ್ವಕಪ್ ಗೆದ್ದರು. ಹೆಬ್ಬಾಳದಿಂದ ಯಲಹಂಕದವರೆಗೆ ಎಲ್ಲಿ ನೋಡಿದರೂ ಚೆಸ್ ತರಬೇತಿಯ ಫಲಕ. ನಿಮಗೆ ಆ ಮುರುಕಲು ಕೋಣೆಯ ಚಿಂತೆ!' ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆಟ ಬೆಳೆಯುವುದು ಬೇರೆ, ಆಡುವ ಜಾಗ ಬೆಳೆಯುವುದು ಬೇರೆ. ಚದುರಂಗವನ್ನು ನಮ್ಮ ಸಮಾಜ ನೋಡುತ್ತಾ ಬಂದಿರುವ ರೀತಿಯಲ್ಲೇ ಒಂದು ಕೊರತೆಯಿದೆ. ಆ ಕೊರತೆಯಿಂದಾಗಿಯೇ ಇಂಥ ಕೋಣೆಯೊಂದು ಮುಚ್ಚಿದರೆ ಅದು ನಷ್ಟವೆಂದು ನಮಗೆ ಅನಿಸುವುದಿಲ್ಲ. ಆ ನೋಟವನ್ನೇ ಇಲ್ಲಿ ಸ್ವಲ್ಪ ವಿಮರ್ಶೆಗೆ ಒಡ್ಡಬೇಕೆಂಬುದು ನಮ್ಮ ಉದ್ದೇಶ.

ಮನೆ, ಕಾಯಿ, ನಡೆ

ಕೂಟದಲ್ಲಿ ಆಟದಷ್ಟೇ ನಡೆಯುತ್ತಿದ್ದುದು ಮಾತು. ಒಂದು ಆಟ ಮುಗಿದು ಇನ್ನೊಂದಕ್ಕೆ ಕಾಯಿ ಜೋಡಿಸುವಷ್ಟರಲ್ಲಿ ಯಾರಾದರೊಬ್ಬರು ಪ್ರಶ್ನೆ ಎಸೆಯುತ್ತಿದ್ದರು. ಅತಿ ಬೇಗ ಮಾತ್ ಆಗುವುದು ಎಷ್ಟು ನಡೆಗೆ? ಎರಡೇ ನಡೆಗೆ, ಅದೂ ಕಪ್ಪು ಕಾಯಿಯವರಿಂದ. ಅತಿ ದೀರ್ಘವಾದ ದೊಡ್ಡ ಪಂದ್ಯ ಯಾವುದು? 1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಿಕೋಲಿಚ್ ಮತ್ತು ಆರ್ಸೋವಿಚ್ ಆಡಿದ್ದು. 269 ನಡೆ, ಕೊನೆಗೆ ಡ್ರಾ. ಇಂಥವುಗಳನ್ನು ಒಗಟಿನ ಹಾಗೆ ಕೇಳಿ, ಚಹಾ ಗೆದ್ದು, ಮರೆತುಬಿಡಬಹುದು. ಆದರೆ ಕೆಲವು ಪ್ರಶ್ನೆಗಳು ಚಹಾ ಆರಿದರೂ ಮುಗಿಯುತ್ತಿರಲಿಲ್ಲ.

ಅವುಗಳಲ್ಲಿ ಮೊದಲನೆಯದು 'ಚದುರಂಗ ಯಾರದು?' ಎಂಬುದು. ನಮ್ಮದು ಎಂದು ಒಬ್ಬರು, ಇರಾನಿನದು ಎಂದು ಮತ್ತೊಬ್ಬರು. ಇಂದಿನ ದಿನಗಳಲ್ಲಿ ಇಂಥ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದು ಓದುಗರಿಗೆ ಗೊತ್ತು. ಕಾಯಿಗಳ ಹೆಸರನ್ನು ನೋಡಿದರೆ ಈ ಜಗಳವೇ ಅರ್ಥಹೀನವೆನಿಸುತ್ತದೆ. ಸಂಸ್ಕೃತದ ಚತುರಂಗ ಇರಾನಿನಲ್ಲಿ ಚತ್ರಂಗ್ ಆಯಿತು, ಅರಬರಲ್ಲಿ ಶತ್ರಂಜ್ ಆಯಿತು, ಅಲ್ಲಿಂದ ಸ್ಪೇನಿಗೆ ಹೋಗಿ ಅಹೆದ್ರೆಸ್ ಆಯಿತು. ಅರಬರು ಆನೆಯನ್ನು ಅಲ್ ಫೀಲ್ ಎಂದರು. ಸ್ಪೇನಿನವರು ಇಂದಿಗೂ ಆ ಕಾಯಿಯನ್ನು ಆಲ್ಫಿಲ್ ಎನ್ನುತ್ತಾರೆ. ಅದೇ ಕಾಯಿ ಇಂಗ್ಲಿಷರಲ್ಲಿ ಬಿಷಪ್, ಫ್ರೆಂಚರಲ್ಲಿ ವಿದೂಷಕ, ಜರ್ಮನರಲ್ಲಿ ಓಟಗಾರ, ನಮ್ಮಲ್ಲಿ ಒಂಟೆ. ನಮ್ಮ ಆನೆಯೋ ಪಟದ ಮೂಲೆಗೆ ಹೋಗಿ ನಿಂತಿದೆ. ಒಂದು ಕಾಯಿ ಇಷ್ಟೂರು ಸುತ್ತಿ ಬಂದ ಮೇಲೆ ಅದು ಯಾರ ಆಸ್ತಿ ಎಂದು ಕೇಳಿದರೆ ಏನು ಹೇಳೋಣ?

ನಮ್ಮ ಕನ್ನಡವೂ ಈ ಪ್ರಯಾಣದಿಂದ ಹೊರಗುಳಿದಿಲ್ಲ. ಕಾಲಾಳನ್ನು ಹಳಬರು ಪದಾತಿ ಎನ್ನುತ್ತಾರೆ, ಫಾರ್ಸಿಯಲ್ಲಿ ಅದು ಪಿಯಾದಾ. ಎರಡರ ಬೇರೂ ಕಾಲಿನಲ್ಲೇ ಇದೆ. ಆ ಪಿಯಾದಾ ಪ್ಯಾದೆಯಾಗಿ, ಪೇದೆಯಾಗಿ ನಮ್ಮ ಪೊಲೀಸ್ ಠಾಣೆಯಲ್ಲಿ ಬಂದು ನಿಂತಿದೆ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಿಸಿಲಿನಲ್ಲಿ ವಾಹನಗಳನ್ನು ನಿಭಾಯಿಸುವ ಪೇದೆ, ಪಟದ ಮುಂದಿನ ಸಾಲಿನಲ್ಲಿ ನಿಂತ ಕಾಲಾಳಿನ ನೆಂಟ ಎಂದು ಗೊತ್ತಾದ ದಿನ ಮಂಡಿಯ ಲೆಕ್ಕಿಗರು ಬಹಳ ಹೊತ್ತು ನಕ್ಕಿದ್ದರು. 'ಅದಕ್ಕೇ ನೋಡಿ, ಅವನೂ ಹಿಂದಕ್ಕೆ ಹೋಗುವ ಹಾಗಿಲ್ಲ' ಎಂದಿದ್ದರು.

ಚೌಕಕ್ಕೆ ನಾವು ಮನೆ ಎನ್ನುತ್ತೇವೆ. ಅರಬರೂ ಅದನ್ನು ಬೈತ್, ಅಂದರೆ ಮನೆ ಎಂದೇ ಕರೆದರು. 'ಶಾಹ್ ಮಾತ್' ಎಂದರೆ ರಾಜ ಸತ್ತ ಎಂದು ಹಲವರು ಅರ್ಥ ಹೇಳುತ್ತಾರೆ. ಫಾರ್ಸಿಯ 'ಮಾತ್' ಪದಕ್ಕೆ ದಿಕ್ಕುಗಾಣದವನು, ಅಸಹಾಯಕ ಎಂಬ ಅರ್ಥವೂ ಇದೆ, ಆಟಕ್ಕೆ ಹೊಂದುವುದೂ ಅದೇ. ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ. ಅವನಿಗೆ ಹೋಗಲು ಮನೆ ಇಲ್ಲದಂತೆ ಮಾಡುತ್ತಾರೆ, ಅಷ್ಟೆ.

ಧಾನ್ಯದ ಕಾಳಿನ ಕಥೆಯನ್ನು ಶಾಲೆಯ ಪುಸ್ತಕಗಳಲ್ಲಿ ಎಲ್ಲರೂ ಓದಿರುತ್ತಾರೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದ್ವಿಗುಣ ಮಾಡುತ್ತಾ ಹೋದರೆ ಅರವತ್ತನಾಲ್ಕನೇ ಮನೆ ತುಂಬುವಷ್ಟರಲ್ಲಿ ಒಟ್ಟು 1,84,46,74,40,73,70,95,51,615 ಕಾಳುಗಳಾಗುತ್ತವೆ. ಈ ಭಾರತೀಯ ಬುದ್ಧಿವಂತನ ಕಥೆಯನ್ನು ಬರೆದಿಟ್ಟವರಲ್ಲಿ ಹದಿಮೂರನೇ ಶತಮಾನದ ಇಬ್ನ್ ಖಲ್ಲಿಕಾನ್ ಮುಖ್ಯರು. ಭಾರತದ ಬುದ್ಧಿಗೆ ಅರಬ್ ಲೇಖಕನ ಸಾಕ್ಷ್ಯ! ಸಾಮಾನ್ಯ ಜ್ಞಾನದ ಪುಸ್ತಕಗಳು ಕಾಳಿನ ಲೆಕ್ಕವನ್ನು ಕೊಡುತ್ತವೆ, ಕಥೆ ನಡೆದುಬಂದ ದಾರಿಯನ್ನು ಬಿಟ್ಟುಬಿಡುತ್ತವೆ. ಕ್ವಿಜ್ ಸಂಸ್ಕೃತಿಯ ಬಗ್ಗೆ ನಮ್ಮ ಆಕ್ಷೇಪ ಇದೇ. ಉತ್ತರಕ್ಕೆ ಅಂಕವಿದೆ, ಉತ್ತರದ ಹಿಂದಿನ ಸಹಬಾಳ್ವೆಗೆ ಅಂಕವಿಲ್ಲ.

ಎರಡು ಚಿತ್ರಗಳು

ಚದುರಂಗ ಎಂದೊಡನೆ ನಮ್ಮ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು, ರಾಜ್ಯ ಮುಳುಗುತ್ತಿದ್ದರೂ ಪಟದಿಂದ ತಲೆ ಎತ್ತದ ನವಾಬರದು. ಇನ್ನೊಂದು, ಕೋಟಿ ರೂಪಾಯಿ ಗೆದ್ದು ವಿಮಾನದಿಂದ ಇಳಿಯುವ ಬಾಲಪ್ರತಿಭೆಯದು.

ಮೊದಲನೆಯ ಚಿತ್ರಕ್ಕೆ ಪ್ರೇಮಚಂದರ 'ಶತ್ರಂಜ್ ಕೆ ಖಿಲಾಡಿ' ಕಥೆಯೂ (1924), ಅದನ್ನು ಆಧರಿಸಿ ಸತ್ಯಜಿತ್ ರಾಯ್ 1977ರಲ್ಲಿ ಮಾಡಿದ ಸಿನಿಮಾವೂ ಮುಖ್ಯ ಕಾರಣ. 1856ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅವಧ್ ರಾಜ್ಯವನ್ನು ನುಂಗಿಹಾಕಿದ ಹೊತ್ತಿನಲ್ಲಿ ಮಿರ್ಜಾ ಮತ್ತು ಮೀರ್ ಎಂಬ ಇಬ್ಬರು ಜಾಗೀರುದಾರರು ಆಟದಲ್ಲೇ ಮುಳುಗಿರುತ್ತಾರೆ. ಪ್ರೇಮಚಂದರು ಕೊನೆಯಲ್ಲಿ ಇಬ್ಬರೂ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಲ್ಲುವಂತೆ ಮಾಡಿದರು. ರಾಯ್ ಹಾಗೆ ಮಾಡಲಿಲ್ಲ. ಅವರ ಸಿನಿಮಾದಲ್ಲಿ ಗುಂಡು ಹಾರಿದರೂ ಇಬ್ಬರೂ ಉಳಿಯುತ್ತಾರೆ, ಮತ್ತೆ ಪಟದ ಮುಂದೆ ಕೂರುತ್ತಾರೆ, ಈ ಸಲ ಇಂಗ್ಲಿಷರ ಪದ್ಧತಿಯಂತೆ ಆಡುತ್ತಾರೆ. ನಮ್ಮ ಪಟದ ಮಂತ್ರಿ ಸರಿದು ವಿಕ್ಟೋರಿಯಾ ರಾಣಿಗೆ ಜಾಗ ಬಿಡುವ ಆ ಸೂಚನೆ ಕತ್ತಿಗಿಂತ ಹರಿತವಾದದ್ದು. ವಾಜಿದ್ ಅಲಿ ಶಾಹನನ್ನು ಬರೀ ವಿಲಾಸಿಯೆಂದು ತೋರಿಸದೆ, ಕವಿಯಾಗಿ, ಸಂಗೀತಗಾರನಾಗಿ ತೋರಿಸಿದ್ದೂ ರಾಯ್ ಅವರ ದೊಡ್ಡತನ. ಆ ಕಲೆಗಳನ್ನೇ ರಾಜನ ಅಯೋಗ್ಯತೆಗೆ ಪುರಾವೆಯೆಂದು ಪಟ್ಟಿ ಮಾಡುವ ಬ್ರಿಟಿಷ್ ರೆಸಿಡೆಂಟನ ಬಾಯಲ್ಲಿ ಸಾಮ್ರಾಜ್ಯಶಾಹಿಯ ತರ್ಕ ಬಯಲಾಗುತ್ತದೆ.

ಆದರೆ ಸಿನಿಮಾ ನೋಡಿ ಹೊರಬಂದವರಲ್ಲಿ ಹೆಚ್ಚಿನವರು ಉಳಿಸಿಕೊಂಡದ್ದು ಬೇರೆಯದನ್ನು: ಮುಸಲ್ಮಾನ ನವಾಬರು ಚದುರಂಗ ಆಡುತ್ತಾ ದೇಶ ಕಳೆದರು! ಸೈನ್ಯ, ಸಾಲ, ಒಪ್ಪಂದಗಳ ಮೂಲಕ ಕಂಪೆನಿ ಹತ್ತಾರು ವರ್ಷ ಹೆಣೆದ ಬಲೆಯನ್ನು ಮರೆತು ಆಟಕ್ಕೆ ತಪ್ಪು ಹೊರಿಸುವುದು ಸುಲಭ.

ಕನ್ನಡಿಗರಿಗೆ ಈ ಮಾತನ್ನು ಪರೀಕ್ಷಿಸಲು ಲಖನೌವರೆಗೆ ಹೋಗಬೇಕಾಗಿಲ್ಲ, ಮೈಸೂರು ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಮಹಾ ಪ್ರೇಮಿ. ಕುದುರೆಯೊಂದು ಎಲ್ಲ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ಕುದುರೆ ನಡೆಯ ಬಂಧಗಳನ್ನು ಅವರು ರಚಿಸಿದರು. ಹೊಸ ಹೊಸ ಪಟದಾಟಗಳನ್ನು ಕಟ್ಟಿದರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗವಿದೆ. ಈಗ ಕಾಲವನ್ನು ಗಮನಿಸಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಿ ಸಿಗಲಿಲ್ಲ. 1881ರಲ್ಲಿ ಸಿಕ್ಕಿದ್ದು ಅವರ ದತ್ತುಪುತ್ರನಿಗೆ. ರಾಜ್ಯವಿಲ್ಲದ ಆ ಮೂವತ್ತೇಳು ವರ್ಷಗಳಲ್ಲಿ ಮುಮ್ಮಡಿಯವರ ಆಸ್ಥಾನ ಸಾಹಿತ್ಯ, ಸಂಗೀತ, ಚಿತ್ರಕಲೆ, ಆಟಗಳಿಂದ ತುಂಬಿತ್ತು. ಇವರನ್ನು ನಾವು ಆಟದಲ್ಲಿ ರಾಜ್ಯ ಕಳೆದವರೆನ್ನುವುದಿಲ್ಲ, ಕಲಾಪೋಷಕರೆನ್ನುತ್ತೇವೆ. ಸರಿಯಾಗಿಯೇ ಹೇಳುತ್ತೇವೆ. ಅದೇ ನ್ಯಾಯ ಲಖನೌಗೆ ಯಾಕಿಲ್ಲ?

ಇನ್ನೂ ಹಿಂದಕ್ಕೆ ಹೋದರೆ, ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಕುಳಿತು ಚಾಳುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗವನ್ನೂ ವಿವರಿಸಿದ್ದಾನೆ. ಅತ್ತ ಬಾಗ್ದಾದಿನಲ್ಲಿ ಒಂಬತ್ತನೇ ಶತಮಾನದ ಅಲ್ ಅದ್ಲಿ, ಹತ್ತನೇ ಶತಮಾನದ ಅಸ್ ಸೂಲಿ ಶತ್ರಂಜಿನ ಬಗ್ಗೆ ಪುಸ್ತಕಗಳನ್ನೇ ಬರೆದರು. ಅಸ್ ಸೂಲಿ ಒಡ್ಡಿದ ಒಂದು ಸಮಸ್ಯೆ ಸುಮಾರು ಸಾವಿರ ವರ್ಷ ಬಿಡಿಸಲಾಗದೆ ಉಳಿದು, 1980ರ ದಶಕದಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಅವೆರ್‌ಬಾಖ್ ಅವರಿಂದ ಉತ್ತರ ಪಡೆಯಿತು. ಸಾವಿರ ವರ್ಷದ ಅಂತರದಲ್ಲಿ ಇಬ್ಬರು ಒಂದೇ ಪಟದ ಎರಡು ಬದಿ ಕೂತಂತೆ ಇದು. ಇಂಥದ್ದನ್ನು ಸೋಮಾರಿತನ ಎನ್ನಲಾದೀತೆ?

ಬಡಿಸಿದ ಕೈ

ಈ ಎರಡೂ ಚಿತ್ರಗಳಲ್ಲಿ ಕಾಣದವನು ಸಾಮಾನ್ಯ ಆಟಗಾರ. ನಮ್ಮ ಕೂಟದ ವೆಲ್ಡರ್ ಒಂದು ಭಾನುವಾರ ಇಂಜಿನಿಯರನ್ನು ಸತತವಾಗಿ ಮೂರು ಆಟ ಸೋಲಿಸಿದ. ಇಂಜಿನಿಯರು ಎದ್ದು ನಿಂತು, 'ಗುರುಗಳೇ, ಆ ಕುದುರೆ ಎಲ್ಲಿಂದ ಬಂತು ತೋರಿಸಿ' ಎಂದು ಕೇಳಿದರು. ತಗಡಿನ ಕಿಡಿಗೆ ಸುಟ್ಟ ಬೆರಳುಗಳು ಆ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, ಸಾವಧಾನವಾಗಿ ವಿವರಿಸಿದವು. ಈ ಶಹರದಲ್ಲಿ ಇನ್ನೆಲ್ಲಿ ಇವರಿಬ್ಬರು ಹೀಗೆ ಎದುರುಬದುರು ಕೂರುತ್ತಿದ್ದರು? ಅಪಾರ್ಟ್‌ಮೆಂಟಿನ ಬಾಗಿಲಿಗೆ ಕಬ್ಬಿಣದ ಜಾಲರಿ ಹಾಕುವಾಗ ಸಿಕ್ಕಿದ್ದರೆ ಮಾತು ಕೂಲಿಯ ಬಗ್ಗೆ ಮಾತ್ರ ಆಗಿರುತ್ತಿತ್ತು.

ಇದನ್ನು ನೆನೆದಾಗಲೆಲ್ಲ ನಮಗೆ ಮೀರ್ ಸುಲ್ತಾನ್ ಖಾನ್ ನೆನಪಾಗುತ್ತಾರೆ. ಅವಿಭಜಿತ ಪಂಜಾಬಿನ ಹಳ್ಳಿಯಿಂದ ಬಂದ ಇವರು ಆಡುತ್ತಿದ್ದುದು ನಮ್ಮ ದೇಶದ ಹಳೆಯ ಪದ್ಧತಿಯ ಚದುರಂಗ. ಅಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತದೆ, ಆಟ ನಿಧಾನವಾಗಿ ಅರಳುತ್ತದೆ. ಜಮೀನುದಾರ ಸರ್ ಉಮರ್ ಹಯಾತ್ ಖಾನ್ ಅವರೊಂದಿಗೆ 1929ರಲ್ಲಿ ಲಂಡನ್ನಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. 1930-31ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಬ್ಲಾಂಕಾ ಅವರನ್ನೇ ಸೋಲಿಸಿದರು. ಅದೇ 1933ರಲ್ಲಿ ಅದೇ ಮನೆಯ ಕೆಲಸದ ಹೆಣ್ಣುಮಗಳು ಫಾತಿಮಾ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಅಮೆರಿಕದ ಆಟಗಾರ ರೂಬೆನ್ ಫೈನ್, ತಮ್ಮ ತಂಡವನ್ನು ಉಮರ್ ಹಯಾತರ ಲಂಡನ್ ಮನೆಗೆ ಊಟಕ್ಕೆ ಕರೆದಿದ್ದಾಗ ಬಡಿಸುತ್ತಿದ್ದವರು ಸುಲ್ತಾನ್ ಖಾನ್ ಎಂದು ಬರೆದುಕೊಂಡಿದ್ದಾರೆ. ಅವರನ್ನು ಅಕ್ಷರ ಬಾರದ ಆಳಿನಂತೆ ಚಿತ್ರಿಸುವ ಪಾಶ್ಚಾತ್ಯ ಬರಹಗಳನ್ನು ಅವರ ಕುಟುಂಬದವರು ಒಪ್ಪಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿದೆ; 'ಪವಾಡದ ಆಳು' ಎಂಬ ಬಣ್ಣನೆಯಲ್ಲಿ ಮೆಚ್ಚುಗೆಗಿಂತ ಹೆಚ್ಚಾಗಿ ಅಚ್ಚರಿಯ ವೇಷ ತೊಟ್ಟ ತಾತ್ಸಾರವಿದೆ. 1933ರ ಕೊನೆಗೆ ಊರಿಗೆ ಮರಳಿದ ಸುಲ್ತಾನ್ ಖಾನ್ 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಸತ್ತು ಐವತ್ತೆಂಟು ವರ್ಷಗಳ ನಂತರ.

ನಮ್ಮ ನೆರೆಯ ಮದ್ರಾಸಿನ ಗುಲಾಂ ಕಾಸಿಂ ಅವರ ಹೆಸರು ಇನ್ನೂ ಅಪರಿಚಿತ. 1829ರಲ್ಲಿ ಅವರು ಜೇಮ್ಸ್ ಕಾಕ್ರೇನ್ ಎಂಬ ಇಂಗ್ಲಿಷರೊಡನೆ ಸೇರಿ ಮುಜಿಯೊ ಗ್ಯಾಂಬಿಟ್ ಎಂಬ ಆರಂಭದ ಬಗ್ಗೆ ಪುಸ್ತಕ ಪ್ರಕಟಿಸಿದರು. ಆ ಆರಂಭದ ಒಂದು ಕವಲಿಗೆ ಚೆಸ್ ಪುಸ್ತಕಗಳಲ್ಲಿ ಇಂದಿಗೂ ಗುಲಾಂ ಕಾಸಿಂ ದಾಳಿ ಎಂದೇ ಹೆಸರು. ತರಬೇತಿ ಕೇಂದ್ರಗಳಲ್ಲಿ ಮಕ್ಕಳು ಸಿಸಿಲಿಯನ್, ಸ್ಪ್ಯಾನಿಶ್, ಫ್ರೆಂಚ್ ಎಂದು ಬಾಯಿಪಾಠ ಮಾಡುತ್ತಾರೆ. ಮುನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ ಬದುಕಿದ್ದ ಈ ವ್ಯಕ್ತಿಯ ಹೆಸರನ್ನು ಯಾರೂ ಹೇಳಿಕೊಡುವುದಿಲ್ಲ.

ಜೂಜು ಯಾವುದು, ಆಟ ಯಾವುದು

ಕೂಟಕ್ಕೆ ಬರಲು ಅಂಜುತ್ತಿದ್ದ ಇಬ್ಬರು ಹುಡುಗರಿದ್ದರು. ಒಬ್ಬನ ಮನೆಯಲ್ಲಿ ಶತ್ರಂಜ್ ಹರಾಮ್ ಎಂಬ ಮಾತು, ಇನ್ನೊಬ್ಬನ ಮನೆಯಲ್ಲಿ ಚದುರಂಗ ಆಡಿಯೇ ಧರ್ಮರಾಯ ಕೆಟ್ಟ ಎಂಬ ಮಾತು. ಎರಡನೆಯದು ಬರೀ ತಪ್ಪು ತಿಳುವಳಿಕೆ. ಧರ್ಮರಾಯ ಆಡಿದ್ದು ದಾಳ ಉರುಳಿಸುವ ದ್ಯೂತ, ಚದುರಂಗವಲ್ಲ.

ಮೊದಲನೆಯದು ಚರ್ಚೆಗೆ ಅರ್ಹವಾದದ್ದು. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಈ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಹನಫಿ ಮುಂತಾದ ಪಂಥಗಳ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಬಿಗಿಯಾಗಿ ನಿರಾಕರಿಸಿದರೆ, ಶಾಫಿಈ ಪಂಥದ ಪ್ರಸಿದ್ಧ ಅಭಿಪ್ರಾಯ ಅದನ್ನು ನಿಷಿದ್ಧವೆನ್ನದೆ ಅನಪೇಕ್ಷಿತ ಎನ್ನುತ್ತದೆ. ಪಣವಿರಬಾರದು, ನಮಾಝ್ ತಪ್ಪಬಾರದು, ನಾಲಿಗೆ ಕೆಡಬಾರದು ಎಂಬ ಷರತ್ತುಗಳನ್ನು ಹಾಕುತ್ತದೆ. ಆದ್ದರಿಂದ ಹನಫಿಗಳೇ ಹೆಚ್ಚಿರುವ ಬೆಂಗಳೂರಿನಲ್ಲೂ ಶಾಫಿಈಗಳು ಹೆಚ್ಚಿರುವ ಕರಾವಳಿಯಲ್ಲೂ ಹಿರಿಯರ ಮಾತಿನ ಧಾಟಿ ಬೇರೆಯಾದರೆ ಆಶ್ಚರ್ಯವಿಲ್ಲ. ಮೊದಲ ತಲೆಮಾರುಗಳ ವಿದ್ವಾಂಸ ಸಈದ್ ಬಿನ್ ಜುಬೈರ್ ಪಟಕ್ಕೆ ಬೆನ್ನು ತಿರುಗಿಸಿ ಕುಳಿತು ಆಡಬಲ್ಲವರಾಗಿದ್ದರೆಂದು ಹಳೆಯ ಬರಹಗಳು ಹೇಳುತ್ತವೆ. ಇತ್ತೀಚಿನ ಇತಿಹಾಸವೂ ಹೀಗೆಯೇ ಅತ್ತಿತ್ತ ತೂಗಿದೆ. ಇರಾನಿನಲ್ಲಿ ಕ್ರಾಂತಿಯ ನಂತರ ನಿಷೇಧಗೊಂಡ ಚೆಸ್ 1988ರಲ್ಲಿ ಖೊಮೇನಿಯವರ ಒಪ್ಪಿಗೆಯಿಂದ ಮರಳಿತು. 2016ರಲ್ಲಿ ಸೌದಿಯ ಮುಫ್ತಿ ಅದನ್ನು ನಿಷಿದ್ಧವೆಂದರು. ಮರುವರ್ಷವೇ ರಿಯಾದಿನಲ್ಲಿ ವಿಶ್ವ ರಾಪಿಡ್ ಚಾಂಪಿಯನ್‌ಶಿಪ್ ನಡೆದು ನಮ್ಮ ವಿಶ್ವನಾಥನ್ ಆನಂದ್ ಗೆದ್ದರು. 2025ರ ಮೇಯಲ್ಲಿ ತಾಲಿಬಾನ್ ಆಡಳಿತ ಜೂಜಿನ ನೆಪದಿಂದ ಅಫಘಾನಿಸ್ತಾನದಲ್ಲಿ ಚೆಸ್ ನಿಲ್ಲಿಸಿತು. ಇದು ಒಂದೇ ಧರ್ಮದ ರೋಗವೆಂದು ಯಾರೂ ಬೀಗಬೇಕಾಗಿಲ್ಲ. 1254ರಲ್ಲಿ ಫ್ರಾನ್ಸಿನ ಒಂಬತ್ತನೇ ಲೂಯಿ ದೊರೆಯೂ ಚೆಸ್ ನಿಷೇಧಿಸಿದ್ದ.

ನಾವು ಧರ್ಮದ ತೀರ್ಪು ಕೊಡುವವರಲ್ಲ. ಆದರೆ ಶಾಸ್ತ್ರಕಾರರು ಹಾಕಿದ ಆ ಮೂರು ಷರತ್ತುಗಳು ಜ್ಞಾನದ ಮಾತುಗಳೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಕೋಣೆಯಲ್ಲಿ ಅಸರ್ ಅಝಾನ್ ಕೇಳಿಸಿದರೆ ಯಾರೂ ಹೇಳದೆಯೇ ಗಡಿಯಾರದ ಎರಡೂ ಗುಂಡಿ ಅರ್ಧಕ್ಕೆ ನಿಲ್ಲುತ್ತಿದ್ದವು. ಹೋಗುವವರು ಹೋಗಿ ಬರುವವರೆಗೆ ಎದುರಾಳಿ ಪಟವನ್ನು ನೋಡದೆ ಕಿಟಕಿಯತ್ತ ತಿರುಗಿ ಕೂರುತ್ತಿದ್ದ. ಒಬ್ಬರಿಲ್ಲದಾಗ ಯೋಚಿಸುವುದು ಮೋಸ ಎಂಬುದು ಅಲ್ಲಿನ ಅಲಿಖಿತ ನಿಯಮ. ಪಣದ ಮಾತೆತ್ತಿದವನಿಗೆ ಮರುವಾರ ಹಾಸು ಸಿಗುತ್ತಿರಲಿಲ್ಲ. ಈ ಶಿಸ್ತನ್ನು ಯಾವ ತರಬೇತಿ ಕೇಂದ್ರವೂ ಕಲಿಸಿದ್ದಲ್ಲ.

ಕೇರಳದ ತೃಶೂರು ಜಿಲ್ಲೆಯ ಮರೋಟ್ಟಿಚ್ಚಾಲ್ ಹಳ್ಳಿಯ ಉದಾಹರಣೆ ಇನ್ನೂ ದೊಡ್ಡದು. ಕುಡಿತ, ಜೂಜಿನಿಂದ ಬಳಲುತ್ತಿದ್ದ ಆ ಊರಿಗೆ ಉಣ್ಣಿಕೃಷ್ಣನ್ ಎಂಬವರು ತಮ್ಮ ಚಹಾದಂಗಡಿಯಲ್ಲಿ ಚೆಸ್ ಕಲಿಸಿದರು. ಬಾಟಲಿಯ ಕಡೆ ಹೋಗುತ್ತಿದ್ದ ಕೈಗಳು ಕಾಯಿಗಳ ಕಡೆ ಬಂದವು. ಇಂದು ಅದು 'ಚದುರಂಗದ ಹಳ್ಳಿ' ಎಂದೇ ಪ್ರಸಿದ್ಧ. ಜೂಜಿಗೆ ದಾರಿಯೆಂದು ಹೆದರುವ ಆಟವೇ ಅಲ್ಲಿ ಜೂಜಿಗೆ ಮದ್ದಾಯಿತು. ಅದಕ್ಕೆ ಬೇಕಾದದ್ದು ಒಂದು ಚಹಾದಂಗಡಿ.

ಕೋಣೆಯಿಂದ ಬಂದವರು

ಪ್ರತಿಭೆ ತಾನಾಗಿ ಅರಳುತ್ತದೆ ಎಂಬ ನಂಬಿಕೆಯನ್ನು ಇಲ್ಲಿ ಪ್ರಶ್ನಿಸಬೇಕು. ತಮಿಳುನಾಡಿನಿಂದ ಇಷ್ಟೊಂದು ಗ್ರ್ಯಾಂಡ್‌ಮಾಸ್ಟರುಗಳು ಏಕೆ ಬಂದರು? 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನುಯೆಲ್ ಆರನ್, 1972ರಲ್ಲಿ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಕಟ್ಟಿದರು. ಪುಸ್ತಕಗಳು, ಪಟಗಳು, ಹಿರಿಯ ಎದುರಾಳಿಗಳು ಒಂದೇ ಕಡೆ ಸಿಗುತ್ತಿದ್ದ ಆ ಕ್ಲಬ್ಬಿನಲ್ಲಿ ಆಡಿ ಬೆಳೆದ ಹುಡುಗ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ, ಅವರೇ ಆನಂದ್. ನಮ್ಮ ಗಡಿಯಾಚೆ ಸಾಂಗ್ಲಿಯಲ್ಲಿ 1941ರಲ್ಲೇ ಭಾವುಸಾಹೇಬ್ ಪಡಸಲಗೀಕರ್ ನೂತನ ಬುದ್ಧಿಬಳ ಮಂಡಳ ಸ್ಥಾಪಿಸಿದರು. ಆ ಊರು ಚೆಸ್ಸಿನ ಊರಾದದ್ದು ಹಾಗೆ.

ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ತೇಜ್‌ಕುಮಾರ್, ಆ ಪದವಿ ಪಡೆದದ್ದು 2017ರಲ್ಲಿ, ದೇಶದ 50ನೆಯವರಾಗಿ. ಆನಂದರ ನಂತರ ಇಪ್ಪತ್ತೊಂಬತ್ತು ವರ್ಷ! ಮುಮ್ಮಡಿಯವರ ಊರಿಗೂ ಇಷ್ಟು ತಡ. ಆಮೇಲೆ ಸ್ಟ್ಯಾನಿ, ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಬಂದರು. ಪ್ರಣವ್ ಅದೇ ವರ್ಷ ಹದಿನಾರು ವರ್ಷದೊಳಗಿನವರ ವಿಶ್ವ ಚಾಂಪಿಯನ್ ಕೂಡಾ ಆದರು. ಇವರೆಲ್ಲರ ಬಗ್ಗೆ ನಮಗೆ ಹೆಮ್ಮೆಯಿದೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅವರ ಬಗ್ಗೆ ಇನ್ನೂ ಹೆಚ್ಚು. ದೃಷ್ಟಿದೋಷವಿರುವ ಈ ಆಟಗಾರ 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅಂಧರ ಪಟದಲ್ಲಿ ಕಪ್ಪು ಮನೆಗಳು ಸ್ವಲ್ಪ ಎತ್ತರವಾಗಿರುತ್ತವೆ, ಪ್ರತಿ ಮನೆಗೂ ರಂಧ್ರ, ಪ್ರತಿ ಕಾಯಿಗೂ ಅದರಲ್ಲಿ ಕೂರುವ ಮೊಳೆ. ಒಂದು ಬಣ್ಣದ ಕಾಯಿಗಳ ನೆತ್ತಿಯಲ್ಲಿ ಗುರುತಿನ ಮೊನೆ. ಮುಟ್ಟಿ ನೋಡುವುದು ಅಲ್ಲಿ ತಪ್ಪಲ್ಲ. ಇಂಥ ಒಂದೇ ಒಂದು ಪಟ ಉತ್ತರ ಬೆಂಗಳೂರಿನ ಎಷ್ಟು ವಾಚನಾಲಯಗಳಲ್ಲಿದೆ ಎಂದು ಓದುಗರೇ ಹೋಗಿ ನೋಡಲಿ.

ಗೇಟಿನ ಒಳಗಿನ ಚದುರಂಗ

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದಾಚೆಗಿನ ನೆಲದ ಬೆಲೆ ಏನಾಯಿತೆಂದು ಹೇಳಬೇಕಾಗಿಲ್ಲ. ಎದ್ದ ಬಹುಮಹಡಿ ಕಟ್ಟಡಗಳಲ್ಲಿ ಹಲವಕ್ಕೆ ತಮ್ಮದೇ ಕ್ಲಬ್ ಹೌಸ್ ಇದೆ, ಅದರೊಳಗೆ ಚೆಸ್ ತರಗತಿಯೂ ಇದೆ. ಆದರೆ ಅಲ್ಲಿ ಕೂರುವ ಮಗುವಿನ ಎದುರಾಳಿ ತನ್ನದೇ ವಯಸ್ಸಿನ, ತನ್ನದೇ ಶಾಲೆಯ, ತನ್ನದೇ ಗೇಟಿನೊಳಗಿನ ಇನ್ನೊಂದು ಮಗು. ಆ ಮಗುವಿನ ಮನೆಯ ನೆಲ ಒರೆಸುವವರ ಮಗಳೂ ಚೆನ್ನಾಗಿ ಆಡಬಲ್ಲಳೇನೋ! ಅದು ಗೊತ್ತಾಗುವ ಅವಕಾಶವೇ ಇಲ್ಲ.

ತರಬೇತಿಯನ್ನು ನಾವು ವಿರೋಧಿಸುವುದಿಲ್ಲ. ಕಲಿಸುವವರಿಗೆ ಹೊಟ್ಟೆಪಾಡಿದೆ, ಅವರಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ. ನಮ್ಮ ಆಕ್ಷೇಪ ಆಟವನ್ನು ಅಂಕಪಟ್ಟಿಯ ಇನ್ನೊಂದು ಕಾಲಂ ಮಾಡಿದ ಮನೋಭಾವಕ್ಕೆ. ನಮ್ಮ ಕೂಟಕ್ಕೆ ಅಜ್ಜನ ಜೊತೆ ಬರುತ್ತಿದ್ದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೆಲಕಾಲ ಅಂಥದ್ದೊಂದು ತರಗತಿಗೆ ಹೋದಳು. ಶುಲ್ಕ, ಪಂದ್ಯಗಳ ಪ್ರವೇಶ ಧನ, ಓಡಾಟ ಎಲ್ಲ ಸೇರಿ ಮನೆಯವರಿಗೆ ಭಾರವಾದಾಗ ಬಿಟ್ಟಳು. ಬಿಟ್ಟ ಮೇಲೆ ಕೋಣೆಗೆ ಬರಲೂ ನಾಚಿಕೊಂಡಳು. 'ರೇಟಿಂಗ್ ಬರಲಿಲ್ಲವಲ್ಲ ತಾತ' ಎಂದಳಂತೆ. ಆಡುವ ಸಂತೋಷಕ್ಕೂ ಅಂಕ ಬೇಕೆಂದು ಹನ್ನೊಂದು ವರ್ಷದ ಮಗುವಿಗೆ ಕಲಿಸಿದವರು ಯಾರು? ನಾವೆಲ್ಲರೂ. ಗುಕೇಶರ ತಂದೆ ತಮ್ಮ ವೈದ್ಯ ವೃತ್ತಿಯನ್ನೇ ಬದಿಗಿಟ್ಟು ಮಗನ ಜೊತೆ ದೇಶ ದೇಶ ಸುತ್ತಿದರು. ಆ ತ್ಯಾಗಕ್ಕೆ ತಲೆಬಾಗೋಣ. ಆದರೆ ಬದಿಗಿಡಲು ವೃತ್ತಿಯೇ ಇಲ್ಲದ, ದಿನಗೂಲಿಯ ತಂದೆ ಏನು ಮಾಡಬೇಕು?

ಮೊಬೈಲಿನಲ್ಲಿ ಆಡಬಹುದಲ್ಲ ಎಂಬುದು ಸಿದ್ಧ ಉತ್ತರ. ನಿಜ, 2020ರ ಲಾಕ್‌ಡೌನ್ ಕಾಲದಲ್ಲಿ ಎಷ್ಟೋ ಮಂದಿಗೆ ಅದೇ ಆಸರೆಯಾಯಿತು. ಬಡ ಹುಡುಗನಿಗೂ ಬ್ರೆಜಿಲಿನ ಎದುರಾಳಿ ಪುಕ್ಕಟೆ ಸಿಗುತ್ತಾನೆ. ಇದು ಸಣ್ಣ ಲಾಭವಲ್ಲ. ಆದರೆ ಬ್ರೆಜಿಲಿನವನ ಜೊತೆ ಆಡುವ ನಾವು ಎದುರು ಮನೆಯವರ ಹೆಸರು ಕೇಳುವುದಿಲ್ಲ. ಸೋತರೆ ಪರದೆ ಮುಚ್ಚಿದರಾಯಿತು; ಕೈಕುಲುಕಬೇಕಾಗಿಲ್ಲ, ಅವನ ಕಣ್ಣು ನೋಡಬೇಕಾಗಿಲ್ಲ. ಸೋಲನ್ನು ಮನುಷ್ಯನ ಎದುರು ಒಪ್ಪಿಕೊಳ್ಳುವುದನ್ನು ಕೋಣೆ ಕಲಿಸುತ್ತಿತ್ತು. ದ್ವೇಷ ಇಷ್ಟು ಅಗ್ಗವಾಗಿರುವ ದಿನಗಳಲ್ಲಿ ಅದು ಸಣ್ಣ ಪಾಠವಲ್ಲ.

ನಮ್ಮ ಕೂಟವನ್ನು ಸ್ವರ್ಗವೆಂದು ಬಣ್ಣಿಸುತ್ತಿಲ್ಲ. ಆ ಹುಡುಗಿಯನ್ನು ಬಿಟ್ಟರೆ ಹೆಂಗಸರು ಯಾರೂ ಬರುತ್ತಿರಲಿಲ್ಲ, ಬರುವಂತೆ ನಾವು ಏನೂ ಮಾಡಲಿಲ್ಲ. ಕಡಿದಾದ ಮೆಟ್ಟಿಲು ಹತ್ತಲಾಗದೆ ಒಬ್ಬ ಹಿರಿಯರು ನಿಂತೇಹೋದರು. ಇಟ್ಟ ಕಾಯಿಯನ್ನು ಹಿಂತೆಗೆದುಕೊಂಡದ್ದಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟವರೂ ಇದ್ದರು. ಫಾತಿಮಾ 1933ರಲ್ಲೇ ಚಾಂಪಿಯನ್ ಆದರೆಂದು ಕಥೆ ಹೇಳುತ್ತಾ, ನಮ್ಮ ಮನೆಯ ಫಾತಿಮಾಗಳಿಗೆ ಚಹಾ ಮಾಡಿ ಕಳಿಸಲು ಹೇಳುತ್ತಿದ್ದ ನಮ್ಮ ಇಬ್ಬಂದಿತನವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹಾಗಾದರೆ ಆಗಬೇಕಾದದ್ದೇನು? ಇದಕ್ಕೆ ಕೋಟಿಗಳ ಯೋಜನೆ ಬೇಡ. ಬಡಾವಣೆಯ ಸಾರ್ವಜನಿಕ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಎರಡು ಮೇಜು, ಉದ್ಯಾನದ ಮೂಲೆಯಲ್ಲಿ ನೆರಳಿರುವ ಎರಡು ಕಲ್ಲಿನ ಪಟ, ಸರಕಾರಿ ಶಾಲೆಯ ಒಂದು ಕೋಣೆಯ ಬೀಗದ ಕೈ, ಇಷ್ಟು ಸಾಕು. ಮಸೀದಿ, ದೇವಸ್ಥಾನ, ಚರ್ಚುಗಳ ಸಮುದಾಯ ಭವನಗಳು ಮದುವೆಯಿಲ್ಲದ ದಿನ ಖಾಲಿ ಬಿದ್ದಿರುತ್ತವೆ. ಅವುಗಳಲ್ಲಿ ಒಂದಾದರೂ ಎಲ್ಲರಿಗೂ ಬಾಗಿಲು ತೆರೆಯಲಿ. ಅಪಾರ್ಟ್‌ಮೆಂಟುಗಳ ಕ್ಲಬ್ ಹೌಸ್‌ಗಳು ತಿಂಗಳಿಗೊಂದು ಭಾನುವಾರ ಗೇಟಿನಾಚೆಯ ಮಕ್ಕಳನ್ನು ಒಳಗೆ ಕರೆಯಲಿ. ನೆಲ ಅಂತಸ್ತಿನಲ್ಲಿ ಇರಲಿ, ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬರುವಂತಿರಲಿ, ಅಂಧರಿಗೊಂದು ಪಟವಿರಲಿ. ಇಷ್ಟರಿಂದ ಇನ್ನೊಬ್ಬ ಗುಕೇಶ್ ಹುಟ್ಟದಿರಬಹುದು. ಅದಕ್ಕಾಗಿಯೇ ಇದನ್ನು ಮಾಡಬೇಕೆಂದೇನೂ ಇಲ್ಲ. ವೆಲ್ಡರನನ್ನು ಇಂಜಿನಿಯರು 'ಗುರುಗಳೇ' ಎಂದು ಕರೆಯುವ ಒಂದು ಜಾಗ ಉಳಿದರೆ ಸಾಕು.

ಮೊನ್ನೆ ರಸ್ತೆಯಲ್ಲಿ ಸಿಕ್ಕ ಗಾಲಿ ಕಾರ್ಖಾನೆಯ ಹಿರಿಯರು, 'ಆ ಡಬ್ಬಿಗಳಲ್ಲಿ ಒಂದು ಬಿಳಿ ಕುದುರೆ ಕಮ್ಮಿ ಇತ್ತು, ನೆನಪಿದೆಯಾ? ಬದಲಿಗೆ ದಾರದ ಉಂಡೆ ಇಡುತ್ತಿದ್ದೆವು' ಎಂದರು. ನೆನಪಿತ್ತು. ಕೆಳಗಿನ ಹೊಲಿಗೆ ಅಂಗಡಿಯವರು ಕೊಟ್ಟ ದಾರ ಅದು. ಆ ಉಂಡೆಯೂ ಎರಡೂವರೆ ಮನೆ ಹಾರುತ್ತಿತ್ತು, ಅದರಿಂದಲೂ ಮಾತ್ ಆಗುತ್ತಿತ್ತು. ಕಾಯಿ ಇಲ್ಲದಿದ್ದರೂ ಆಟ ನಡೆಯುತ್ತದೆ. ಕೂರಲು ಜಾಗ ಮಾತ್ರ ಬೇಕು.